ಆಮದು ಸುಂಕ ಏರಿದರೆ ಯಾರಿಗೆ ಲಾಭ, ಯಾರಿಗೆ ಹೊರೆ: ನೀವೇ ಲೆಕ್ಕ ಹಾಕುವುದು ಹೇಗೆ

ಬಜೆಟ್ ದಿನ ಟಿವಿಯಲ್ಲಿ ಎರಡು ಪಟ್ಟಿ ಬರುತ್ತವೆ. ಒಂದರಲ್ಲಿ ಅಗ್ಗವಾಗುವ ವಸ್ತುಗಳು, ಇನ್ನೊಂದರಲ್ಲಿ ದುಬಾರಿಯಾಗುವ ವಸ್ತುಗಳು. ಆಮದು ಸುಂಕ ಏರಿದ್ದೆಲ್ಲ ದುಬಾರಿ ಪಟ್ಟಿಗೆ ಹೋಗುತ್ತದೆ. ಮರುದಿನ ವಾದ ಶುರು. ದೇಶದ ಉದ್ಯಮ ಉಳಿಯಿತು ಅಂತ ಒಬ್ಬರು, ಗ್ರಾಹಕರ ಜೇಬಿಗೆ ಕತ್ತರಿ ಬಿತ್ತು ಅಂತ ಇನ್ನೊಬ್ಬರು. ಯಾವ ವಸ್ತು, ಎಷ್ಟು ಸುಂಕ, ಅದನ್ನು ಕೊಳ್ಳುವವರು ಯಾರು ಅಂತ ಕೇಳದೆ ಇಬ್ಬರಲ್ಲಿ ಯಾರ ಮಾತು ನಿಜ ಅಂತ ಹೇಳಲು ಬರುವುದಿಲ್ಲ.

ನಾನು ರಾಮನಗರದಲ್ಲಿ ಸಣ್ಣ ಉದ್ದಿಮೆಗಳ ಲೆಕ್ಕ ಬರೆಯುತ್ತೇನೆ. ಗೂಡಿನಿಂದ ರೇಷ್ಮೆ ತೆಗೆಯುವ ರೀಲರ್‌ಗಳು, ಹುರಿ ಮಾಡುವ ಘಟಕದವರು, ಮಗ್ಗದವರು, ಎಲ್ಲರ ಪುಸ್ತಕವೂ ನನ್ನ ಮೇಜಿನ ಮೇಲಿರುತ್ತದೆ. ಮನೆಯಲ್ಲೂ ಅದೇ. ಅಪ್ಪ ಕಾಟೇಜ್ ಬೇಸಿನ್ ಇಟ್ಟು ರೇಷ್ಮೆ ತೆಗೆದವರು. ಅಕ್ಕನ ಗಂಡ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸುತ್ತಾರೆ. ಚೀನಾ ರೇಷ್ಮೆಗೆ ಸುಂಕ ಜಾಸ್ತಿ ಇರಬೇಕು ಅಂತ ಅಪ್ಪ, ಕಡಿಮೆ ಇರಬೇಕು ಅಂತ ಭಾವ. ಇಬ್ಬರೂ ಇಲ್ಲೇ ಕೆಲಸ ಕೊಟ್ಟು, ಇಲ್ಲೇ ಸರಕು ಮಾಡುವವರು. ಹಾಗಾಗಿ 'ದೇಶಿ ಉದ್ಯಮಕ್ಕೆ ಒಳ್ಳೆಯದು' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾರ ಉದ್ಯಮಕ್ಕೆ ಅಂತ. ನಾನು ಲೆಕ್ಕ ಹಾಕುವ ಬಗೆಯನ್ನು ಕೆಳಗೆ ಬರೆದಿದ್ದೇನೆ. ಉದಾಹರಣೆ ರೇಷ್ಮೆಯದು. ಆಟಿಕೆ, ಅಡುಗೆ ಎಣ್ಣೆ, ಮೊಬೈಲ್, ಯಾವುದಕ್ಕಾದರೂ ಇದೇ ದಾರಿ ಹಿಡಿಯಬಹುದು.

ಮೊದಲು ಕೋಡ್ ಹುಡುಕಿ

'ರೇಷ್ಮೆ ಮೇಲೆ ಸುಂಕ' ಅನ್ನುವ ಸುದ್ದಿಯಿಂದ ಏನೂ ಗೊತ್ತಾಗುವುದಿಲ್ಲ. ಕಸ್ಟಮ್ಸ್ ಲೆಕ್ಕದಲ್ಲಿ ಒಂದೊಂದು ವಸ್ತುವಿಗೂ ಎಂಟು ಅಂಕಿಯ ಕೋಡ್ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿ ನೋಡಿದರೆ ಗೂಡು 5001, ಕಚ್ಚಾ ರೇಷ್ಮೆ 5002, ರೇಷ್ಮೆ ನೂಲು 5004, ನೇಯ್ದ ಬಟ್ಟೆ 5007. ಒಂದೊಂದಕ್ಕೂ ಬೇರೆ ದರ ಇರಬಹುದು. ಒಂದರ ಸುಂಕ ಏರಿ ಇನ್ನೊಂದರದು ಹಾಗೇ ಉಳಿದರೆ ಇಡೀ ಸರಪಳಿಯ ಲಾಭ ನಷ್ಟ ತಿರುಗುಮುರುಗಾಗುತ್ತದೆ. ಅದನ್ನು ಮುಂದೆ ತೋರಿಸುತ್ತೇನೆ.

ಕೋಡ್ ಸಿಕ್ಕಮೇಲೆ ಕಸ್ಟಮ್ಸ್‌ನವರ ಐಸ್‌ಗೇಟ್ ಜಾಲತಾಣದ ಸುಂಕ ಲೆಕ್ಕದ ಪುಟಕ್ಕೆ ಹೋಗಿ. ಟ್ಯಾರಿಫ್ ಷೆಡ್ಯೂಲ್‌ನಲ್ಲಿ ಬರೆದಿರುವ ದರ ಒಂದಿರುತ್ತದೆ, ಅಧಿಸೂಚನೆ ಮೂಲಕ ಕೊಟ್ಟಿರುವ ರಿಯಾಯಿತಿ ದರ ಇನ್ನೊಂದಿರಬಹುದು. ರಿಯಾಯಿತಿ ಇದ್ದರೆ ನಿಜವಾಗಿ ಕಟ್ಟುವುದು ಎರಡನೆಯದನ್ನು. ನೀವು ಲೆಕ್ಕ ಹಾಕುವ ದಿನದ ದರವನ್ನೇ ತೆಗೆದುಕೊಳ್ಳಿ. ಹಳೆಯ ಪತ್ರಿಕೆಯ ತುಣುಕು ನಂಬಬೇಡಿ.

ಶೇಕಡಾವಾರು ಬಿಟ್ಟು ರೂಪಾಯಿಗೆ ಬನ್ನಿ

2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೂಲ ಸುಂಕ ಶೇ. 10ರಿಂದ 15ಕ್ಕೆ ಏರಿತು. ಆ 15ನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಬೆಲೆಗಳು ನಾನು ಸುಲಭಕ್ಕೆ ಹಿಡಿದವು. ನೀವು ಈ ವಾರದ ದರ ಹಾಕಿಕೊಳ್ಳಿ.

ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಒಂದು ಕಿಲೋ ಕಚ್ಚಾ ರೇಷ್ಮೆ ಬಂದರಿಗೆ 4,000 ರೂಪಾಯಿಗೆ ಬಂದು ಮುಟ್ಟಿತು ಅಂತಿರಲಿ. ಮೂಲ ಸುಂಕ ಶೇ. 15, ಅಂದರೆ 600 ರೂಪಾಯಿ. ಅದರ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್. ಇದು ಸರಕಿನ ಬೆಲೆಯ ಮೇಲಲ್ಲ, ಸುಂಕದ ಮೇಲೆ ಶೇ. 10. ಅಂದರೆ 60 ರೂಪಾಯಿ. ಒಟ್ಟು 660. ಜಿಎಸ್‌ಟಿ ಇರುವ ಸರಕಾದರೆ ಐಜಿಎಸ್‌ಟಿಯನ್ನು, ಅಂದರೆ ಆಮದಿನ ಮೇಲಿನ ಜಿಎಸ್‌ಟಿಯನ್ನು, ಈ ಸುಂಕವೂ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಆದರೆ ನೋಂದಣಿ ಇರುವ ವ್ಯಾಪಾರಿಗೆ ಅದು ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಮೂಲ ಸುಂಕ ಮತ್ತು ಸರ್‌ಚಾರ್ಜ್ ವಾಪಸ್ ಬರುವುದಿಲ್ಲ, ಸರಕಿನ ಬೆಲೆಯಲ್ಲಿ ಸೇರಿಹೋಗುತ್ತವೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಆ 660 ಮಾತ್ರ. ಕೆಲವು ಸರಕುಗಳಿಗೆ ಕೃಷಿ ಮೂಲಸೌಕರ್ಯ ಸೆಸ್ ಕೂಡ ಇರುತ್ತದೆ. ಅದನ್ನೂ ನೋಡಿಕೊಳ್ಳಿ.

ಈಗ ಈ 660 ರೂಪಾಯಿ ಯಾರ ಕೈಗೆ ಬರುತ್ತದೆ, ಯಾರ ಕೈಯಿಂದ ಹೋಗುತ್ತದೆ ಅಂತ ಹಿಂಬಾಲಿಸಿ.

ಮೊದಲು ರೈತರ ಕಡೆ. ಮಿಶ್ರತಳಿ ಗೂಡಿನಲ್ಲಿ ಒಂದು ಕಿಲೋ ರೇಷ್ಮೆ ತೆಗೆಯಲು ಸುಮಾರು 7 ಕಿಲೋ ಗೂಡು ಬೇಕು. ಇದನ್ನೇ ನಮ್ಮ ಕಡೆ ರೆಂಡಿಟಾ ಅನ್ನುತ್ತಾರೆ. ಸುಂಕದ ರಕ್ಷಣೆ ಪೂರ್ತಿ ರೈತರಿಗೇ ಮುಟ್ಟಿತು ಅಂದುಕೊಂಡರೆ 660ನ್ನು 7ರಿಂದ ಭಾಗಿಸಿ. ಕಿಲೋ ಗೂಡಿಗೆ 94 ರೂಪಾಯಿ. 100 ಮೊಟ್ಟೆ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ಸಾಕಿ 65 ಕಿಲೋ ಗೂಡು ತಂದ ರೈತರಿಗೆ ಒಂದು ಬೆಳೆಗೆ ಸುಮಾರು 6,000 ರೂಪಾಯಿ. ಸೊಪ್ಪು, ಕೂಲಿ, ಚಾಕಿ (ಎಳೆಯ) ಹುಳುವಿನ ದುಡ್ಡು ಕಳೆದು ಕೈಗೆ ಉಳಿಯುವುದು ಎಷ್ಟು ಅಂತ ಗೊತ್ತಿದ್ದವರಿಗೆ ಈ 6,000 ಚಿಕ್ಕದಲ್ಲ. ಅಪ್ಪ ಸುಂಕ ಬೇಕು ಅನ್ನುವುದು ಸುಮ್ನೆ ಅಲ್ಲ. ಗೂಡು ತರುವ ರೈತರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರೆ ರೀಲರ್‌ಗೆ ಕೆಲಸವೇ ಇಲ್ಲ.

ಇನ್ನು ಕೊಳ್ಳುವವರ ಕಡೆ. ಒಂದು ಸೀರೆಗೆ ಅರ್ಧ ಕಿಲೋ ರೇಷ್ಮೆ ಹೋಗುತ್ತದೆ ಅಂತ ಹಿಡಿಯಿರಿ. ಹೊರೆ 330 ರೂಪಾಯಿ. ಅಂಗಡಿಯಲ್ಲಿ 12,000ಕ್ಕೆ ಮಾರುವ ಸೀರೆಗೆ ಅದು ಶೇ. 3ಕ್ಕಿಂತ ಕಡಿಮೆ. ಮದುವೆಗೆ ಸೀರೆ ತೆಗೆಯುವವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಅಂಗಡಿಯವರು ದರ ಏರಿಸಲು ಒಪ್ಪದಿದ್ದರೆ ಆ 330 ನೇಕಾರರ ತಲೆ ಮೇಲೆ ಬರುತ್ತದೆ. ಒಂದು ಸೀರೆಯಲ್ಲಿ ಅವರಿಗೆ ಉಳಿಯುವುದು 1,500 ಆದರೆ, ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ನಾನು ನೋಡುವ ಪುಸ್ತಕಗಳಲ್ಲಿ ಹೆಚ್ಚಾಗಿ ಆಗುವುದು ಇದೇ. ನೂಲಿನ ದರ ಇವತ್ತೇ ಏರುತ್ತದೆ. ಸೀರೆಯ ದರ ಏರಬೇಕಾದರೆ ಮುಂದಿನ ಸೀಸನ್ ಬರಬೇಕು. ನಡುವಿನ ತಿಂಗಳುಗಳ ಕೊರತೆ ಮಗ್ಗದ ಮನೆಯದು.

ಅದಕ್ಕೇ ಹೇಳುವುದು, ಗ್ರಾಹಕರು ಮತ್ತು ತಯಾರಕರು ಅಂತ ಎರಡೇ ಗುಂಪು ಮಾಡಿ ಕೂರಬೇಡಿ. ಸುಂಕದ ನಿಜವಾದ ತಿಕ್ಕಾಟ ಎಷ್ಟೋ ಸಲ ಇಬ್ಬರು ತಯಾರಕರ ನಡುವೆ ಇರುತ್ತದೆ.

ಕಚ್ಚಾ ವಸ್ತುವಿನ ಸುಂಕವನ್ನೂ ಸಿದ್ಧ ವಸ್ತುವಿನ ಸುಂಕವನ್ನೂ ಪಕ್ಕಪಕ್ಕ ಇಡಿ

ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ನನಗೆ ಇದೇ ಅತಿ ಮುಖ್ಯ.

ಹೊರದೇಶದ ಬಟ್ಟೆ ಮೀಟರಿಗೆ 100 ರೂಪಾಯಿ ಅಂತಿರಲಿ. ಅದರಲ್ಲಿ ನೂಲಿನ ಪಾಲು 60, ನೇಯ್ಗೆಯ ಪಾಲು 40. ನೂಲಿಗೆ ಶೇ. 15 ಸುಂಕ ಬಿತ್ತು. ನಮ್ಮ ನೇಕಾರರಿಗೆ ನೂಲು 69 ಆಯಿತು.

ಬಟ್ಟೆಗೆ ಶೇ. 20 ಸುಂಕ ಇದ್ದರೆ ಹೊರಗಿನ ಬಟ್ಟೆ 120ಕ್ಕೆ ಬರುತ್ತದೆ. ನಮ್ಮವರೂ ಅಷ್ಟಕ್ಕೆ ಮಾರಬಹುದು. ನೇಯ್ಗೆಗೆ ಉಳಿಯುವುದು 51. ಒಳ್ಳೆಯ ರಕ್ಷಣೆ. ಬಟ್ಟೆಗೆ ಶೇ. 10 ಇದ್ದರೆ 110ರಲ್ಲಿ 69 ಕಳೆದು 41. ಹತ್ತು ಪರ್ಸೆಂಟ್ ರಕ್ಷಣೆ ಅಂತ ಕಾಗದದಲ್ಲಿದೆ, ನೇಕಾರರಿಗೆ ಸಿಕ್ಕಿದ್ದು ಒಂದು ರೂಪಾಯಿ. ಬಟ್ಟೆಗೆ ಶೇ. 5 ಮಾತ್ರ ಇದ್ದರೆ 105ರಲ್ಲಿ 69 ಕಳೆದು 36. ಸುಂಕವೇ ಇಲ್ಲದಿದ್ದಾಗ 40 ಸಿಗುತ್ತಿತ್ತು. ಅಂದರೆ ಸುಂಕ ಅನ್ನುವುದು ನಮ್ಮ ಮಗ್ಗದ ಮೇಲೇ ತೆರಿಗೆಯಾಗಿ ಬಿದ್ದಿದೆ. ನೂಲಿನ ಸುಂಕ ಬಟ್ಟೆಯದ್ದಕ್ಕಿಂತ ತೀರಾ ಜಾಸ್ತಿಯಾದರೆ ಆಗುವುದು ಹೀಗೆ. ಆಗ ವ್ಯಾಪಾರಿಗಳು ನೂಲು ತರಿಸುವುದು ಬಿಟ್ಟು ಬಟ್ಟೆಯನ್ನೇ ತರಿಸುತ್ತಾರೆ. ಕೊನೆಗೆ ಗೂಡಿನ ರೈತರಿಗೂ ಬೇಡಿಕೆ ಇಲ್ಲ, ಮಗ್ಗಕ್ಕೂ ಕೆಲಸ ಇಲ್ಲ.

ಇದು ಬರೀ ಊಹೆಯ ಮಾತಲ್ಲ. 2000ದ ದಶಕದ ಆರಂಭದಲ್ಲಿ ಚೀನಾದ ಕಚ್ಚಾ ರೇಷ್ಮೆಗೆ ಆಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿನ ಮೇಲಿನ ಹೆಚ್ಚುವರಿ ಸುಂಕ, ಹಾಕಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಂದ ಬರುವ ರೇಷ್ಮೆ ಬಟ್ಟೆಗೂ ಅದೇ ಸುಂಕ ಹಾಕಬೇಕಾಯಿತು.

ಅಡುಗೆ ಎಣ್ಣೆಯಲ್ಲಿ ಸರ್ಕಾರ ಈ ಅಂತರವನ್ನು ಬೇಕಂತಲೇ ಬಳಸಿದೆ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಒಟ್ಟು ಸುಂಕ ಶೇ. 5.5ರಿಂದ 27.5ಕ್ಕೆ ಏರಿತು, ಸಂಸ್ಕರಿಸಿದ ಎಣ್ಣೆಯದು 13.75ರಿಂದ 35.75ಕ್ಕೆ. ಎಣ್ಣೆಕಾಳು ಬೆಳೆಯುವವರಿಗೆ ನೆರವಾಗಲಿ ಅಂತ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯದನ್ನು 16.5ಕ್ಕೆ ಇಳಿಸಿದರು, ಸಂಸ್ಕರಿಸಿದ್ದನ್ನು ಮುಟ್ಟಲಿಲ್ಲ. ಎರಡರ ನಡುವಿನ ಅಂತರ 8.25ರಿಂದ 19.25 ಆಯಿತು. ಮಂಗಳೂರು ಕಡೆಯ ರಿಫೈನರಿಗಳಿಗೆ ಅನುಕೂಲ, ಅಡುಗೆಮನೆಗೂ ಸ್ವಲ್ಪ ಉಸಿರು, ಆದರೆ ಸೂರ್ಯಕಾಂತಿ ಬೆಳೆದವರಿಗೆ ಸಿಕ್ಕಿದ್ದ ಆಸರೆ ಕಡಿಮೆ ಆಯಿತು. ಒಂದೇ ಆದೇಶದಲ್ಲಿ ಮೂರು ಬಗೆಯ ಫಲ. ಪಟ್ಟಿಯಲ್ಲಿ ಇದು 'ಅಗ್ಗ' ಅನ್ನುವ ಒಂದೇ ಸಾಲಾಗಿ ಬರುತ್ತದೆ.

ದೇಶದ ಸರಕಿನ ದರವನ್ನೂ ಗಮನಿಸಿ

ಸುಂಕ ಬಿದ್ದಿದ್ದು ಹೊರಗಿನ ಸರಕಿಗೆ, ನಾನು ಕೊಳ್ಳುವುದು ಇಲ್ಲಿನದು, ನನಗೇನು ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ವಾಷಿಂಗ್ ಮಷೀನ್ ಕಥೆ ಅದಕ್ಕೆ ಉತ್ತರ. 2018ರಲ್ಲಿ ಅಲ್ಲಿ ಆಮದು ವಾಷಿಂಗ್ ಮಷೀನ್‌ಗಳಿಗೆ ಸುಂಕ ಹಾಕಿದರು. ಮೊದಲ 12 ಲಕ್ಷ ಯಂತ್ರಗಳಿಗೆ ಶೇ. 20, ಅದಕ್ಕಿಂತ ಮೇಲೆ ಬಂದವಕ್ಕೆ ಶೇ. 50. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ ದರ ಸುಮಾರು ಶೇ. 12 ಏರಿದ್ದು ಕಂಡಿತು. ಅಲ್ಲಿನ ಕಂಪನಿಗಳೂ ಏರಿಸಿದ್ದವು. ಬಟ್ಟೆ ಒಣಗಿಸುವ ಡ್ರೈಯರ್‌ಗೆ ಸುಂಕವೇ ಇರಲಿಲ್ಲ, ಅದರ ದರವೂ ಏರಿತ್ತು, ಯಾಕೆಂದರೆ ಎರಡನ್ನೂ ಜನ ಜೋಡಿಯಾಗಿ ಕೊಳ್ಳುತ್ತಾರೆ. ಕೆಲಸ ಹುಟ್ಟಿದ್ದು ನಿಜ. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಅಲ್ಲೇ ಕಾರ್ಖಾನೆ ತೆರೆದವು, ಸುಮಾರು 1,800 ಹೊಸ ಕೆಲಸ. ಆದರೆ ಒಂದೊಂದು ಕೆಲಸಕ್ಕೆ ಗ್ರಾಹಕರು ತೆತ್ತಿದ್ದು ವರ್ಷಕ್ಕೆ 8 ಲಕ್ಷ ಡಾಲರ್‌ಗಿಂತ ಜಾಸ್ತಿ.

ಹಾಗಾಗಿ ಸುಂಕದ ಮೊದಲಿನ ಆರು ತಿಂಗಳು, ನಂತರದ ಆರು ತಿಂಗಳು, ದೇಶಿ ಸರಕಿನ ದರ ಎರಡನ್ನೂ ಬರೆದಿಡಿ. ಜೊತೆಗೆ ಕೊಳ್ಳುವ ವಸ್ತುವಿನದನ್ನೂ. ಗೂಡಿನ ದರ ರೇಷ್ಮೆ ಇಲಾಖೆ ದಿನಾ ಕೊಡುತ್ತದೆ. ರಾಮನಗರ, ಶಿಡ್ಲಘಟ್ಟ ಮಾರುಕಟ್ಟೆಗಳ ದರ ಸಿಗುತ್ತದೆ. ನೂಲಿನ ದರ ಏರಿ ಗೂಡಿನ ದರ ಏರದಿದ್ದರೆ ಸುಂಕದ ಫಲ ನಡುವೆ ಎಲ್ಲೋ ನಿಂತಿದೆ ಅಂತ ಅರ್ಥ.

ಹಿತ್ತಲ ಬಾಗಿಲು

ಸುಂಕ ಎತ್ತರವಾದಷ್ಟೂ ಕಳ್ಳದಾರಿಗೆ ಲಾಭ. ಚಿನ್ನಕ್ಕೆ ಶೇ. 15 ಇದ್ದಾಗ ಏರ್‌ಪೋರ್ಟ್‌ಗಳಲ್ಲಿ ಹಿಡಿದ ಸುದ್ದಿ ಎಷ್ಟು ಓದಿದ್ದೇವೆ ಅಲ್ವಾ. 2024ರ ಜುಲೈನಲ್ಲಿ ಅದನ್ನು 6ಕ್ಕೆ ಇಳಿಸಿದರು. ಅಡಿಕೆಗೆ ಶೇ. 100 ಮೂಲ ಸುಂಕ ಇದೆ. 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಆದರೂ ಶಿವಮೊಗ್ಗ, ದಕ್ಷಿಣ ಕನ್ನಡದ ಬೆಳೆಗಾರರು ಹೊರಗಿನ ಅಡಿಕೆ ಬರುತ್ತಿದೆ ಅಂತ ದೂರುವುದು ನಿಂತಿಲ್ಲ. ಇನ್ನೊಂದು ದಾರಿ ಕಾನೂನಿನೊಳಗಿನದೇ. ನೆರೆಯ ದೇಶದ ಜೊತೆ ವ್ಯಾಪಾರ ಒಪ್ಪಂದ ಇದ್ದರೆ ಅಲ್ಲಿಂದ ಬರುವ ಸರಕಿಗೆ ಸುಂಕ ಕಡಿಮೆ ಅಥವಾ ಇಲ್ಲ. ಮೂರನೇ ದೇಶದ ಸರಕು ಅಲ್ಲಿ ಇಳಿದು, ಹೆಸರು ಬದಲಿಸಿ ಇಲ್ಲಿಗೆ ಬರಬಹುದು. ವಾಣಿಜ್ಯ ಸಚಿವಾಲಯದ ಆಮದು ಅಂಕಿಅಂಶದ ಪುಟದಲ್ಲಿ ಕೋಡ್ ಹಾಕಿದರೆ ಯಾವ ದೇಶದಿಂದ ಎಷ್ಟು ಬಂತು ಅಂತ ಸಿಗುತ್ತದೆ. ಒಂದು ದೇಶದ್ದು ಇಳಿದು, ಆ ಬೆಳೆಯನ್ನೇ ಹೆಚ್ಚು ಬೆಳೆಯದ ಇನ್ನೊಂದು ದೇಶದ್ದು ದಿಢೀರ್ ಏರಿದ್ದರೆ ಅನುಮಾನ ಪಡಿ.

ಸುಂಕದ ಮರೆಯಲ್ಲಿ ಏನು ನಡೆಯಿತು ಅಂತ ಕೇಳಿ

ಸುಂಕ ಕೊಡುವುದು ಸಮಯ ಮಾತ್ರ. ಆ ಸಮಯದಲ್ಲಿ ಸರಕು ಚೆನ್ನಾಯಿತೇ ಅನ್ನುವುದು ಬೇರೆ ಪ್ರಶ್ನೆ.

ಭಾವನ ದೂರು ಬರೀ ದರದ್ದಲ್ಲ. ಪವರ್‌ಲೂಮ್‌ನಲ್ಲಿ ಹಾಸಿನ ನೂಲು (ಉದ್ದಕ್ಕೆ ಹಾಯುವುದು) ಒಂದೇ ದಪ್ಪ ಇರಬೇಕು, ಎಳೆತ ತಡೆಯಬೇಕು. ನೂಲು ತುಂಡಾದರೆ ಮಗ್ಗ ನಿಲ್ಲುತ್ತದೆ. ಚರಕದಲ್ಲಿ ತೆಗೆದ ಮಿಶ್ರತಳಿ ರೇಷ್ಮೆ ಹೊಕ್ಕಿನ (ಅಡ್ಡದ) ನೂಲಿಗೆ ನಡೆಯುತ್ತದೆ, ಹಾಸಿನ ನೂಲಿಗೆ ತಕ್ಕದ್ದು ಸಿಗುವುದು ಕಷ್ಟ. ಚೀನಾ ರೇಷ್ಮೆ ತೆಗೆದುಕೊಳ್ಳಲು ಇದೂ ಕಾರಣ. ಇದನ್ನು ಯಾವ ಸುಂಕವೂ ಸರಿ ಮಾಡುವುದಿಲ್ಲ. ಸರಿ ಮಾಡಿದ್ದು ಬೇರೆ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ) ತಳಿಗಳು, ಜಪಾನ್ ನೆರವಿನಲ್ಲಿ ವರ್ಷಗಟ್ಟಲೆ ನಡೆದ ಕೆಲಸ, ಹುಳು ಸಾಕಲು ಪ್ರತ್ಯೇಕ ಮನೆ, ಕೊಂಬೆ ಸಮೇತ ಸೊಪ್ಪು ಕೊಡುವ ಪದ್ಧತಿ, ಆಮೇಲೆ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು. ದೇಶದ ಬೈವೋಲ್ಟೈನ್ ಉತ್ಪಾದನೆ ಹಲವು ಪಟ್ಟು ಬೆಳೆಯಿತು, ಕಚ್ಚಾ ರೇಷ್ಮೆಯ ಆಮದು ಹಿಂದಿಗಿಂತ ಬಹಳ ಇಳಿಯಿತು. ಆ ರೈತರನ್ನು ಹೊಲದಲ್ಲಿ ಉಳಿಸಿದ್ದರಲ್ಲಿ ಸುಂಕದ ಪಾಲೂ ಇದೆ ಅಂತ ನಾನು ನಂಬುತ್ತೇನೆ. ಆದರೆ ಪಾಲು ಮಾತ್ರ.

ಸುಂಕಕ್ಕಿಂತ ಹಾಳು ಮಾಡುವುದು ಅದರ ಏರಿಳಿತ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ಗೂಡಿನ ದರ ಕುಸಿಯಿತು, ರೈತರು ಬೀದಿಗೆ ಬಂದರು. 2013ರಲ್ಲಿ 15ಕ್ಕೆ ಏರಿಸಿದರು. ಮಧ್ಯೆ 10 ಆಯಿತು. 2021ರಲ್ಲಿ ಮತ್ತೆ 15. ಹಿಪ್ಪುನೇರಳೆ ತೋಟ ಮಾಡಿದರೆ ಅದು ಹತ್ತು ಹದಿನೈದು ವರ್ಷದ ಮಾತು. ರೀಲಿಂಗ್ ಯಂತ್ರದ ಸಾಲವೂ ವರ್ಷಗಳದ್ದು. ಇಷ್ಟು ಸಲ ಬದಲಾಗುವ ದರ ನಂಬಿ ಯಾರು ಹೂಡಿಕೆ ಮಾಡುತ್ತಾರೆ? ನನ್ನ ಮಟ್ಟಿಗೆ ಹದವಾದ ಸುಂಕ, ಮುಂಚೆಯೇ ಹೇಳಿದ ಅವಧಿ, ಹಂತ ಹಂತವಾಗಿ ಇಳಿಕೆ, ಇದೇ ಸರಿ. ರೈತರಿಗೂ ಅದು ಬೇಕು, ಮಗ್ಗಕ್ಕೂ ಬೇಕು.

ಆಟಿಕೆ ವಿಷಯದಲ್ಲಿ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದರ ಜೊತೆ 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಗುರುತು ಕಡ್ಡಾಯವಾಯಿತು. ಅಗ್ಗದ ಪ್ಲಾಸ್ಟಿಕ್ ಆಟಿಕೆ ಕಡಿಮೆ ಆಯಿತು. ನಮ್ಮ ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗು ಹಚ್ಚುವ ಕುಶಲಕರ್ಮಿಗಳಿಗೆ ಅದರಿಂದ ಜಾಗ ಸಿಗಬೇಕು. ಆದರೆ ಪರೀಕ್ಷೆ, ಪರವಾನಗಿ ಅಂದರೆ ಸಣ್ಣವರಿಗೆ ಖರ್ಚು. ಹೀಗಾಗಿ ಕರಕುಶಲ ಮತ್ತು ಭೌಗೋಳಿಕ ಗುರುತು ಇರುವ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಡಬೇಕಾಯಿತು. ಸುಂಕದ ಜೊತೆ ಬರುವ ಇಂಥ ನಿಯಮಗಳನ್ನೂ ಲೆಕ್ಕಕ್ಕೆ ತನ್ನಿ. ಕೆಲವು ಸಲ ಸುಂಕಕ್ಕಿಂತ ಅವೇ ಬಿಗಿ.

ನಿಮ್ಮ ಲೆಕ್ಕವನ್ನು ಕೇಳುವವರಿಗೆ ಮುಟ್ಟಿಸಿ

ಲೆಕ್ಕ ಹಾಕಿ ಮನೆಯಲ್ಲಿ ಇಟ್ಟುಕೊಂಡರೆ ಏನೂ ಆಗುವುದಿಲ್ಲ. ಬಜೆಟ್‌ಗೆ ಮೊದಲು ಹಣಕಾಸು ಸಚಿವಾಲಯ ವ್ಯಾಪಾರ ಮತ್ತು ಉದ್ಯಮ ಸಂಘಗಳಿಂದ ಸುಂಕ ಬದಲಾವಣೆಯ ಸಲಹೆ ಕೇಳುತ್ತದೆ. ದೊಡ್ಡ ಕಂಪನಿಗಳು ತಪ್ಪದೆ ಕಳಿಸುತ್ತವೆ. ಸಣ್ಣ ಸಂಘಗಳು ಬಜೆಟ್ ಆದಮೇಲೆ ಪ್ರತಿಭಟನೆಗೆ ಇಳಿಯುತ್ತವೆ. ಅಷ್ಟೊತ್ತಿಗೆ ಹೊಸ ದರ ಜಾರಿಗೆ ಬಂದಿರುತ್ತದೆ.

ಆಂಟಿ ಡಂಪಿಂಗ್ ಆದರೆ ದೆಹಲಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಟಿಆರ್, ವಿಚಾರಣೆ ಶುರು ಮಾಡುವಾಗ ಪ್ರಕಟಣೆ ಹೊರಡಿಸುತ್ತದೆ. ಸರಕು ಮಾಡುವವರು ಮಾತ್ರ ಅಲ್ಲ, ಅದನ್ನು ಕಚ್ಚಾ ವಸ್ತುವಾಗಿ ಬಳಸುವವರೂ ಅದರಲ್ಲಿ ಹೇಳಿದ ಗಡುವಿನೊಳಗೆ ಆಸಕ್ತ ಪಕ್ಷ ಅಂತ ನೋಂದಾಯಿಸಿಕೊಳ್ಳಬಹುದು. ನೇಕಾರರ ಸಂಘಗಳು ಇದನ್ನು ಬಳಸಲೇಬೇಕು.

ಪತ್ರ ಚಿಕ್ಕದಿರಲಿ. ಎಂಟು ಅಂಕಿಯ ಕೋಡ್, ನೀವು ಕಟ್ಟುತ್ತಿರುವ ನಿಜವಾದ ಹೊರೆ ರೂಪಾಯಿಯಲ್ಲಿ, ನಿಮ್ಮ ಸರಕಿನ ಬೆಲೆಯಲ್ಲಿ ಆ ಕಚ್ಚಾ ವಸ್ತುವಿನ ಪಾಲು, ನಿಮ್ಮ ಸಿದ್ಧ ಸರಕಿಗಿರುವ ಸುಂಕ, ಎಷ್ಟು ಜನ ಕೆಲಸಕ್ಕಿದ್ದಾರೆ ಅನ್ನುವುದು. ಕೊನೆಯಲ್ಲಿ ನಿಮಗೆ ಬೇಕಾದ ದರ ಎಷ್ಟು, ಎಷ್ಟು ವರ್ಷಕ್ಕೆ ಅಂತ ಬಿಡಿಸಿ ಬರೆಯಿರಿ. ಹಿಂದಿನ ಮೂರು ವರ್ಷದ ಖರೀದಿ ಬಿಲ್‌ಗಳ ನಕಲು ಲಗತ್ತಿಸಿ. ರೀಲರ್ ಸಂಘ ಮತ್ತು ನೇಕಾರರ ಸಂಘ ಒಂದೇ ಮೇಜಿನಲ್ಲಿ ಕೂತು, ನೂಲಿಗೆ ಇಷ್ಟು, ಬಟ್ಟೆಗೆ ಇಷ್ಟು ಅಂತ ಒಪ್ಪಿಕೊಂಡು ಒಂದೇ ಪತ್ರ ಕಳಿಸುವುದಾದರೆ ಲೆಕ್ಕ ಬರೆದುಕೊಡಲು ನನ್ನಂಥವರು ಎಲ್ಲ ಊರಲ್ಲೂ ಇದ್ದಾರೆ. ಅಕ್ಟೋಬರ್‌ನಲ್ಲೇ ಶುರು ಮಾಡಿ.